ಅಪ್ಪನ ಇನ್ನೊಂದು ಹೆಸರು

ನಮ್ಮ ಅಪ್ಪನಿಗೆ ಎರಡು ಹೆಸರು. ರೇಷನ್ ಕಾರ್ಡಿನಲ್ಲಿ ನರಸಿಂಗ. ಊರಿನ ಹಿರಿಯರ ಬಾಯಲ್ಲಿ ಧೋಂಡ್ಯಾ.

ಎರಡನೆಯ ಹೆಸರು ಅವನು ಸಣ್ಣವನಿದ್ದಾಗ ಬಂದದ್ದು. ಎಕಂಬಾ ದಾಟಿ ಮಹಾರಾಷ್ಟ್ರದ ಗಡಿಯ ಕಡೆ ಇರುವ ನಮ್ಮ ಊರಲ್ಲಿ ಮಳೆ ತಪ್ಪಿದರೆ ಧೋಂಡಿ ಹೊರಡಿಸುವ ಪದ್ಧತಿ ಇತ್ತು. ಒಬ್ಬ ಹುಡುಗನ ಅಂಗಿ ಬಿಚ್ಚಿಸಿ ಮೈತುಂಬ ಬೇವಿನ ಸೊಪ್ಪು ಕಟ್ಟುತ್ತಾರೆ. ತಲೆಯ ಮೇಲೆ ಮಣೆ, ಮಣೆಯ ಮೇಲೆ ಹಸಿಮಣ್ಣು, ಮಣ್ಣಿನಲ್ಲಿ ಕಾಲು ಕಟ್ಟಿದ ಕಪ್ಪೆ. ಅವನು ಮನೆ ಮನೆಯ ಮುಂದೆ ನಿಂತು ಸುತ್ತು ತಿರುಗಬೇಕು. ಮನೆಯವರು ಮೇಲಿನಿಂದ ನೀರು ಸುರಿದು, ಹಿಂದೆ ಬಂದವರ ಜೋಳಿಗೆಗೆ ಜೋಳ ಹಾಕುತ್ತಾರೆ. ಧೋಂಡಿಯಾಗುವ ಆ ಹುಡುಗ ನಮ್ಮ ಓಣಿಯವನೇ, ಅದರಲ್ಲೂ ನಮ್ಮ ಮನೆಯವನೇ ಆಗಬೇಕು. ಅಜ್ಜ ಆಗಿದ್ದ, ಅಪ್ಪ ಆಗಿದ್ದ. ಆಮೇಲೆ ಓಣಿಯವರು ದೀಕ್ಷೆ ತೆಗೆದುಕೊಂಡು ಬೌದ್ಧರಾದರು, ಧೋಂಡಿ ನಿಂತಿತು. ಅಪ್ಪನ ಹೆಸರು ಮಾತ್ರ ನಿಲ್ಲಲಿಲ್ಲ. ಅವನ ಮದುವೆಯಲ್ಲಿ ಅಕ್ಷತೆ ಹಾಕಲು ಬಂದವರೂ ಧೋಂಡ್ಯಾನ ಲಗ್ನ ಅಂದೇ ಬಂದಿದ್ದರಂತೆ.

ನಾನು ಸಣ್ಣವಳಿದ್ದಾಗ ಒಮ್ಮೆ ಅಪ್ಪ ನನ್ನನ್ನು ಬೀದರಿಗೆ ಕರೆದುಕೊಂಡು ಹೋಗಿದ್ದ. ಆಗ ಅವನು ಅಲ್ಲಿಯ ಕಾಳಿನ ಪೇಟೆ ಗಾಂಧಿ ಗಂಜದಲ್ಲಿ ಹಮಾಲಿ ಮಾಡುತ್ತಿದ್ದ. ತೊಗರಿ ಚೀಲಗಳ ನಡುವೆ ನನ್ನನ್ನು ಕೂರಿಸಿ, ಲಾರಿಗೆ ಮೂಟೆ ಹೊರುತ್ತಿದ್ದ. ‘ನರಸಿಂಗ ಭಾಯಿ’ ಎಂದು ಯಾರೋ ಕರೆದರು. ಅಪ್ಪ ತಲೆಯೆತ್ತಿ, ‘ಕ್ಯಾ ಬೋಲೋ’ ಅಂದ. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಊರಲ್ಲಿ ಯಾರಾದರೂ ಕರೆದರೆ ಅವನು ತಲೆಯೆತ್ತುತ್ತಿರಲಿಲ್ಲ. ಕರೆದವರ ಕಾಲು ನೋಡಿ ಆ ಕಡೆ ನಡೆಯುತ್ತಿದ್ದ.

ಎರಡು ಮುಂಗಾರು ಕೈಕೊಟ್ಟ ಮೇಲೆ ಗಂಜಕ್ಕೆ ಕಾಳು ಬರುವುದು ಕಡಿಮೆಯಾಯಿತು. ಹೊರಲು ಮೂಟೆಯೇ ಇಲ್ಲದಿದ್ದರೆ ಹಮಾಲ ಯಾಕೆ ಬೇಕು. ಅಪ್ಪ ಪುಣೆಗೆ ಹೋದ, ಕಟ್ಟಡ ಕೆಲಸಕ್ಕೆ. ಓಣಿಯ ಬಹಳ ಮನೆಗಳಿಗೆ ಬೀಗ ಬಿದ್ದಿತ್ತು. ಅಪ್ಪ ಫೋನ್ ಮಾಡಿದಾಗಲೆಲ್ಲ ಮೇಸ್ತ್ರಿ ಇನ್ನೂ ಮಂದಿ ಕೇಳುತ್ತಿದ್ದಾನೆ, ನೀವೂ ಬರ್ರಿ ಎನ್ನುತ್ತಿದ್ದ. ಅವ್ವನಿಗೆ ಹೋಗುವ ಮನಸ್ಸಿತ್ತು. ಬೇಡವೆಂದು ಹಟ ಹಿಡಿದವಳು ನಾನು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಇದೇ ರೀತಿ ಒಂದು ವರ್ಷ ನಾವೆಲ್ಲ ಪುಣೆಗೆ ಹೋಗಿದ್ದೆವು. ಅವ್ವ ಅಪ್ಪ ಮೇಲಿನ ಮಜಲೆಯಲ್ಲಿ, ನಾನು ಕೆಳಗೆ ಉಸುಕಿನ ಗುಡ್ಡೆಯ ಹತ್ತಿರ ಕೂಸಾಗಿದ್ದ ತಮ್ಮ ಪಂಢರಿಯನ್ನು ಆಡಿಸುತ್ತ. ತಿರುಗಿ ಬಂದಾಗ ನನ್ನ ಜೊತೆಯವರು ಮುಂದೆ ಹೋಗಿದ್ದರು. ಸಣ್ಣವರ ಜೊತೆ ಕೂರಲು ನಾಚಿಕೆಯಾಯಿತು. ಸಾಲಿ ಅಲ್ಲಿಗೆ ಮುಗಿಯಿತು.

ಪಂಢರಿಗೆ ಹಾಗಾಗಬಾರದು ಎಂಬುದೊಂದು. ಇನ್ನೊಂದು, ನಮ್ಮ ಸಮುದಾಯ ಭವನ.

ಭವನ ನಮ್ಮ ಓಣಿ ಮುಗಿದು ಊರು ಶುರುವಾಗುವಲ್ಲಿದೆ. ಬೀದರಿನ ಒಂದು ಸಂಸ್ಥೆ ಅಲ್ಲಿ ರವಿವಾರ ಮತ್ತು ರಜೆಯ ದಿನ ಮಕ್ಕಳಿಗೆ ನಿಸರ್ಗ ಶಾಲೆ ನಡೆಸುತ್ತಿತ್ತು. ಕಲಿಸುವವರು ಭಾಲಚಂದ್ರ ಸರ್. ಭಾಲ್ಕಿಯಿಂದ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ಬೀಗ ತೆಗೆಯುವುದು, ಕಸ ಹೊಡೆಯುವುದು, ಮಕ್ಕಳಿಗೆ ಉಪ್ಪಿಟ್ಟು ಮಾಡುವುದು ನನ್ನ ಕೆಲಸ. ಊರಿನ ಮಕ್ಕಳು, ಓಣಿಯ ಮಕ್ಕಳು ಇಬ್ಬರೂ ಬರುತ್ತಿದ್ದರು. ಬರಗಾಲದಲ್ಲಿ ಉಪ್ಪಿಟ್ಟು ಅಂದರೆ ಯಾರು ತಾನೇ ಬರುವುದಿಲ್ಲ?

ಸರ್ ಪುಸ್ತಕ ತೆರೆಸುತ್ತಿರಲಿಲ್ಲ. ಅರಿವೆಯ ಚೀಲದಲ್ಲಿ ಮಣ್ಣು ತುಂಬಿ, ಕಣ್ಣು ಮುಚ್ಚಿ ಒಳಗೆ ಕೈ ಹಾಕಿಸುತ್ತಿದ್ದರು. ತೊಗಟೆ ಮುಟ್ಟಿ ಮರ ಗುರುತಿಸಬೇಕು, ಇರುವೆಯ ಸಾಲಿನ ಹಿಂದೆ ಬಗ್ಗಿಕೊಂಡು ಹೋಗಬೇಕು. ಕೊನೆಗೆ ಎಲ್ಲರೂ ಗೋಲಾಗಿ, ಸುತ್ತುಗಟ್ಟಿ ಕುಳಿತು, ಒಬ್ಬೊಬ್ಬರೇ ಎದ್ದು ತಮ್ಮ ಪೂರ್ತಿ ಹೆಸರು ಹೇಳಿ, ಅಂದು ತಮ್ಮ ಕೈಗೆ ಏನು ಗೊತ್ತಾಯಿತು ಎಂದು ಹೇಳಬೇಕು. ಮೊದಮೊದಲು ಪಂಢರಿ ಎದೆಗೆ ಗದ್ದ ಹಚ್ಚಿ ಗೊಣಗುತ್ತಿದ್ದ. ಊರಿನ ಹುಡುಗರು ನಗುತ್ತಿದ್ದರು. ಬರಬರುತ್ತ ದನಿ ಏರಿತು. ಒಂದು ದಿನ ನಾನು ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಹೊರಗಿಂದ ಕೇಳಿತು:

‘ನಾನು ಪಂಢರಿ ನರಸಿಂಗ. ಇವತ್ತ ನನ್ನ ಕೈಗಿ ಗೊತ್ತಾಗಿದ್ದು, ಎರಿಮಣ್ಣು ಒಣಗಿದ್ರ ಕಲ್ಲು, ತೊಯ್ದ್ರ ಎಣ್ಣಿ.’

‘ವಾಹ್’ ಅಂದರು ಸರ್. ನಾನು ಹೆಚ್ಚುವುದನ್ನು ನಿಲ್ಲಿಸಿ ಕೂತೆ. ಗಂಜದಲ್ಲಿ ಕೇಳಿದ ಅಪ್ಪನ ದನಿಯ ಹಾಗೇ ಇತ್ತು. ಇವನಿಗೆ ಒಂದೇ ಹೆಸರಿರಲಿ, ನನಗೆ ಬೇರೇನೂ ಬೇಡ ಅನ್ನಿಸಿತು.

ಆ ವರ್ಷ ಮುಂಗಾರಿನ ಮೊದಲ ಮಳೆ ಮೃಗಾ ಒಂದೇ ದಿನ ಹೊಡೆದು ಹೋಯಿತು. ಭವನದ ಹಿಂದಿನ ತಗ್ಗಿನಲ್ಲಿ ನೀರು ನಿಂತು, ಅದರಲ್ಲಿ ಕಪ್ಪೆಮರಿಗಳಾದವು. ಮುಂದೆ ಮಳೆಯಿಲ್ಲ. ತಗ್ಗು ಬತ್ತುತ್ತ ಬಂದಾಗ ಮಕ್ಕಳು ಬೊಗಸೆಯಲ್ಲಿ ಮರಿಗಳನ್ನು ಎತ್ತಿ ತಂದು ಸಿಮೆಂಟಿನ ತೊಟ್ಟಿಯಲ್ಲಿ ಬಿಟ್ಟರು. ಬಾಲ ಉದುರಿ ಕಾಲು ಮೂಡುವುದನ್ನು ನೋಡಲು ಸಾಲಿ ಬಿಟ್ಟ ಕೂಡಲೇ ಓಡಿ ಬರುತ್ತಿದ್ದರು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಸಾಬೂನಿನ ನೀರು ಹಾಕಬೇಡಿ ಎಂದು ಸರ್ ಹೇಳಿದ್ದರು. ಹಾಗಾಗಿ ಟ್ಯಾಂಕರ್ ಬಂದ ದಿನ ನಮ್ಮ ಪಾಲಿನ ನೀರಿನಲ್ಲಿ ಒಂದು ತಂಬಿಗೆ ತೊಟ್ಟಿಗೆ ಹೋಗುತ್ತಿತ್ತು.

‘ಏ ಶಾಲು, ನಿನ್ನ ಕಪ್ಪಿಗೋಳ್ಗಿ ನನ್ನ ಕೊಡನೂ ಒಯ್ದು ಹಾಕು’ ಎಂದು ಪಕ್ಕದ ಮನೆಯ ಕಾಂತಾಬಾಯಿ ಪಾಳಿಯಲ್ಲಿ ನಿಂತು ಕೂಗುತ್ತಿದ್ದಳು. ‘ನಮಗೇನು, ನಾವು ಗಾಳಿ ಕುಡಿತೇವು. ಮುಂದಿನ ಜನ್ಮದಾಗ ಕಪ್ಪಿ ಆಗಿ ಭವನದಾಗ ಹುಟ್ಟಮು.’

ಹೆಂಗಸರೆಲ್ಲ ನಗುತ್ತಿದ್ದರು. ನಾನು ತಲೆ ಬಗ್ಗಿಸಿ ಕೊಡ ಎತ್ತಿಕೊಂಡು ಬರುತ್ತಿದ್ದೆ.

ಟ್ಯಾಂಕರ್ ತಪ್ಪಿದ ದಿನ ನಮಗಿದ್ದದ್ದು ಊರಿನ ದೊಡ್ಡ ರೈತ ಚಂದ್ರಕಾಂತ ಕಾಕಾನ ಬಾವಿ ಒಂದೇ. ಆಳದಲ್ಲಿ ಸ್ವಲ್ಪ ನೀರಿತ್ತು. ಮೋಟರು ಹಚ್ಚಿ ಪೈಪಿನಿಂದ ಬಿಡಿಸುತ್ತಿದ್ದ. ಒಳ್ಳೆಯ ಮನುಷ್ಯ ಎಂದೇ ಎಲ್ಲರೂ ಅನ್ನುತ್ತಿದ್ದರು. ನೀರಿಗೆ ಬಂದವರನ್ನು ಬೈದವನಲ್ಲ.

ಅವನೇ ಒಂದು ದಿನ ಮುಂಜಾನೆ ನಮ್ಮ ಅಂಗಳಕ್ಕೆ ಬಂದ.

‘ಕೇಶರಬಾಯಿ, ಮನ್ಯಾಗ ಇದ್ದೀ ಏನು?’

‘ಬರ್ರಿ ಕಾಕಾ, ಕೂಡ್ರಿ’ ಎಂದು ಅವ್ವ ಹೊರಸು ಎಳೆದಳು. ಅವನು ಹೊರಸಿನ ಮೇಲೆ ಕೂರದೆ ಒರಳುಕಲ್ಲಿನ ಮೇಲೆ ಕೂತ.

‘ಧೋಂಡ್ಯಾನ ಫೋನ್ ಬರ್ತದ?’

‘ಬರ್ತದ್ರಿ.’

‘ನೋಡೀಯಲ್ಲ ಆಕಾಶ. ಆರಿದ್ರಾ ಹೋಯ್ತು, ಪುಷ್ಯಾ ಹೋಯ್ತು. ಉದ್ದು ಒಣಗಿ ನಿಂತದ. ಊರಾಗ ಕುಂತು ಮಾತಾಡೀವಿ, ಒಂದ್ ಸಲ ಧೋಂಡಿ ಹೊಂಡಸಮು ಅಂತ. ಜಬರ್ದಸ್ತಿ ಇಲ್ಲವ್ವ. ಇದು ನಿಮ್ಮ ಮನಿ ಮಾನ ಅದ. ಮತ್ತೊಬ್ಬರಿಗಿ ಕೊಡ್ಲಿಕ್ಕ ನನಗ ಮನಸ್ ಬರಲಿಲ್ಲ.’

ಅವ್ವ ಸೆರಗು ಬೆರಳಿಗೆ ಸುತ್ತಿಕೊಂಡಳು. ‘ಈಗೆಲ್ಲಿ ಕಪ್ಪಿ ಸಿಗ್ತಾವರಿ ಕಾಕಾ’ ಅಂದಳು.

‘ಯಾಕ, ನಿನ್ನ ಮಗಳು ಸಾಕ್ಯಾಳಲ್ಲ. ಟ್ಯಾಂಕರ್ ನೀರ್ ಕುಡ್ದು ನಮಗಿಂತ ದಪ್ಪ ಆಗ್ಯಾವಂತ.’ ಅವನು ನಕ್ಕ. ಅವ್ವನೂ ನಕ್ಕಳು. ನಾನು ಬಾಗಿಲ ಸಂದಿಯಿಂದ ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳು ಇಲ್ಲ ಅನ್ನುತ್ತಿಲ್ಲ.

ಅಷ್ಟರಲ್ಲಿ ಮಚ್ಛೇಂದ್ರ ಮಾಮಾ ಬಂದರು. ಅವರು ನಮ್ಮ ಓಣಿಯ ಹಿರಿಯರು, ಅಂಚೆ ಮಾಸ್ತರರಾಗಿದ್ದು ನಿವೃತ್ತರಾದವರು. ಯಾರೋ ಹುಡುಗರು ಸುದ್ದಿ ಮುಟ್ಟಿಸಿರಬೇಕು.

‘ಚಂದ್ರಕಾಂತರೇ, ಅದು ಬಿಟ್ಟು ಭಾಳ ವರ್ಷ ಆಯ್ತು. ನಮ್ಮ ಹಿರ್ಯಾರು ಮಾತು ಕೊಟ್ಟು ಬಿಟ್ಟಾರ. ನಮ್ಮ ಕೂಸು ಬರಂಗಿಲ್ಲ.’

‘ಬ್ಯಾಡ ಅಂದ್ರ ಬ್ಯಾಡ ಮಾಸ್ತರ’ ಎಂದು ಚಂದ್ರಕಾಂತ ಕಾಕಾ ಎದ್ದು ಧೋತರ ಝಾಡಿಸಿಕೊಂಡ. ಸಿಟ್ಟಾಗಲಿಲ್ಲ. ನನ್ನ ಎದೆ ಹಗುರಾಯಿತು.

ಮರುದಿನ ಟ್ಯಾಂಕರ್ ಬರಲಿಲ್ಲ. ಬಾವಿಗೆ ಹೋದೆವು. ಕಾಕಾನ ಆಳುಮನುಷ್ಯ ಹಾವಗೆಪ್ಪ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ.

‘ಮೋಟರ್ ಸುಟ್ಟದ. ಬೀದರಕ ಕಳಸೀವಿ’ ಅಂದ.

ಪೈಪಿನ ಬಾಯಿ ಹಸಿಯಾಗಿತ್ತು. ಅದರ ಕೆಳಗಿನ ಕಲ್ಲಿನ ಮೇಲೆ ಗುಬ್ಬಿಗಳು ನೀರು ಕುಡಿಯುತ್ತಿದ್ದವು. ನಾನು ನೋಡಿದೆ, ಕಾಂತಾಬಾಯಿಯೂ ನೋಡಿದಳು. ಇಬ್ಬರೂ ಕೊಡ ಎತ್ತಿಕೊಂಡು ತಿರುಗಿದೆವು. ಖಾಲಿ ಕೊಡ ತುಂಬಿದ ಕೊಡಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ. ದಾರಿಯುದ್ದಕ್ಕೂ ಅದೇ ಸದ್ದು.

ಓಣಿಗೆ ಬಂದ ಮೇಲೆ ಕಾಂತಾಬಾಯಿ ಬಾಯಿ ತೆರೆದಳು, ಮಚ್ಛೇಂದ್ರ ಮಾಮಾನ ಅಂಗಳದಲ್ಲಿ ನಿಂತು.

‘ಮಾಮಾ, ಸ್ವಾಭಿಮಾನ ಕೊಡದಾಗ ತುಂಬ್ಕೊಂಡು ಬರ್ಲೇನು? ನಿಮ್ಮ ಮಗ ಬೀದರದಾಗ ನೌಕರಿ ಮಾಡ್ತಾನ, ಗಾಡಿ ಮ್ಯಾಲ ನೀರಿನ ಡಬ್ಬಿ ತಂದು ಕೊಡ್ತಾನ. ನನ್ನ ಕೂಸಿಗಿ ಯಾರ್ ತಂದು ಕೊಡ್ತಾರ?’

‘ತಂಗೀ, ಇವತ್ತ ಒಂದು ಕೊಡ ನೀರಿಗಿ ಹೂಂ ಅಂದ್ರ, ನಾಳೆ—’

‘ನಾಳೆ ಮಾತು ನಾಳೆ. ಇವತ್ತ ಬ್ಯಾಳಿ ಹ್ಯಾಂಗ ಕುದಸ್ಲಿ?’

ಮಾಮಾ ಒಳಗೆ ಹೋಗಿ ತಮ್ಮ ಮನೆಯ ಡಬ್ಬಿ ತಂದು ಅವಳ ಕೊಡಕ್ಕೆ ಬಗ್ಗಿಸಿದರು. ಅದು ಎಷ್ಟು ಜನರಿಗೆ ಸಾಲುತ್ತದೆ. ಸಾಯಂಕಾಲದ ಹೊತ್ತಿಗೆ ಹೆಂಗಸರು ಮಾಮಾನನ್ನು ಬಿಟ್ಟು ನಮ್ಮ ಮನೆಯ ಮುಂದೆ ಬಂದು ಕೂತರು. ಯಾರೂ ಬೈಯಲಿಲ್ಲ. ಖಾಲಿ ಕೊಡ ಮುಂದಿಟ್ಟುಕೊಂಡು ಕೂತರು. ಬೈದಿದ್ದರೆ ಅವ್ವ ತಿರುಗಿ ಬೈಯುತ್ತಿದ್ದಳು.

‘ನಾನು ಹೋಗ್ತೇನಿ’ ಅಂದ ಪಂಢರಿ.

ಅವನು ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಾನೆಂದು ನಮಗೆ ತಿಳಿದಿರಲಿಲ್ಲ. ನಾನು ಅವನ ಬಾಯಿ ಮುಚ್ಚಿಸಲು ಎದ್ದೆ. ಅವನು ನನ್ನ ಕೈ ಸರಿಸಿದ.

‘ಖರೆ ಕಪ್ಪಿ ಬ್ಯಾಡ. ಕಾಲ್ ಕಟ್ಟಿದ್ರ ಸಾಯ್ತದ. ಎರಿಮಣ್ಣಿನ ಕಪ್ಪಿ ಮಾಡ್ತೇನಿ, ಸರ್ ಕಲಿಸ್ಯಾರ. ಅದಕ್ಕ ಹೂಂ ಅಂದ್ರ ಹೋಗ್ತೇನಿ.’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಂತಾಬಾಯಿ ಅವನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ತಲೆ ನೇವರಿಸಿದಳು. ಅವಳು ಅಳುತ್ತಿದ್ದಳು. ನಾನು ಅವ್ವನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ, ‘ಅಪ್ಪನಂಗ ಆಗ್ತಾನ ಅವ್ವ. ಹೆಸರು ಹೋಗಂಗಿಲ್ಲ.’

‘ಹೆಸರಿಗಿ ನೀರಡಕಿ ಆಗ್ತದೇನ’ ಅಂದಳು ಅವ್ವ. ನನ್ನ ಕಡೆ ನೋಡದೆ ಅಂದಳು.

ಮಣ್ಣಿನ ಕಪ್ಪೆಯಾದರೂ ನಡೆಯುತ್ತದೆ ಎಂದು ಚಂದ್ರಕಾಂತ ಕಾಕಾ ಒಪ್ಪಿದ. ಮರುದಿನ ಬೆಳಗಾಗುವಷ್ಟರಲ್ಲಿ ಮೋಟರು ಬೀದರಿನಿಂದ ತಿರುಗಿ ಬಂದಿತ್ತು.

ಪಂಢರಿ ಆ ಕಪ್ಪೆಯನ್ನು ಭವನದ ಕಟ್ಟೆಯ ಮೇಲೆ ಕೂತು ಮಾಡಿದ. ತೊಟ್ಟಿಯಲ್ಲಿದ್ದದ್ದನ್ನು ನೋಡಿ ನೋಡಿ, ಕಣ್ಣು ಎಲ್ಲಿ ಉಬ್ಬುತ್ತದೆ, ಹಿಂಗಾಲು ಎಷ್ಟು ಮಡಚುತ್ತದೆ ಎಂದು ಬೆರಳಿನಿಂದ ಒತ್ತಿ ಒತ್ತಿ ಮಾಡಿದ. ಸುಂದರವಾಗಿತ್ತು. ಗೆಳೆಯರು ಸುತ್ತ ನಿಂತು, ನನಗೊಂದು, ನನಗೊಂದು ಎನ್ನುತ್ತಿದ್ದರು. ಅವನ ಮುಖದಲ್ಲಿ ಭಯವೇ ಇರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ಬೇವಿನ ಸೊಪ್ಪನ್ನು ಅವ್ವನೇ ಕಟ್ಟಿದಳು. ನಾನು ಜೋಳಿಗೆ ಹಿಡಿದು ಹಿಂದೆ ನಡೆದೆ. ಹಲಗೆ ಬಾರಿಸುವವರು ಮುಂದೆ, ಹುಡುಗರ ಹಿಂಡು ಹಿಂದೆ. ಮೊದಲ ಮನೆ ಚಂದ್ರಕಾಂತ ಕಾಕಾನದು. ಅವನ ಹೆಂಡತಿ ಸುಲಭಾಬಾಯಿ ತುಂಬಿದ ಕೊಡ ತಂದು ಎತ್ತರದಿಂದ ಸುರಿದಳು. ಪಂಢರಿ ತಣ್ಣನೆ ನೀರಿಗೆ ಉಸಿರು ಹಿಡಿದು, ಹಲ್ಲು ಕಿರಿದು ತಿರುಗಿದ. ಹುಡುಗರು ಕೇಕೆ ಹಾಕಿದರು. ಮುಂದಿನ ಮನೆಗಳಲ್ಲಿ ಕೊಡ ತಂಬಿಗೆಯಾಯಿತು, ತಂಬಿಗೆ ಲೋಟವಾಯಿತು. ಒಂದು ಮನೆಯ ಮುದುಕಿ ಬೊಗಸೆಯಲ್ಲಿ ಚಿಮುಕಿಸಿ, ‘ಇಷ್ಟೇ ಅದ ನನ್ನಪ್ಪ’ ಅಂದಳು. ಅವನ ಮೈಯಿಂದ ಇಳಿದ ನೀರು ನೆಲದ ಬಿರುಕಿನಲ್ಲಿ ಸೇರಿಹೋಗುತ್ತಿತ್ತು. ಕಾಂತಾಬಾಯಿಯ ಸಣ್ಣ ಮಗಳು ಒಂದು ಪಾತ್ರೆ ತಂದು ಕೆಳಗೆ ಹಿಡಿಯಹೋದಳು. ಹಾವಗೆಪ್ಪ ಅವಳನ್ನು ಸರಿಸಿ, ‘ನೆಲಕ್ಕ ಬೀಳ್ಬೇಕವ್ವ, ನೆಲಕ್ಕ’ ಅಂದ.

ಮಣೆಯ ಮೇಲಿನ ಕಪ್ಪೆ ಕರಗತೊಡಗಿತು. ಮೊದಲು ಕಣ್ಣು ಹೋದವು, ಆಮೇಲೆ ಕಾಲು. ಕರಿಯ ಕೆಸರು ಪಂಢರಿಯ ಹಣೆಗೆ, ಕಣ್ಣಿಗೆ, ಬಾಯಿಗೆ ಇಳಿಯಿತು. ಎರಡೂ ಕೈ ಮಣೆ ಹಿಡಿದಿದ್ದರಿಂದ ಅವನು ಒರೆಸಿಕೊಳ್ಳುವಂತಿರಲಿಲ್ಲ. ನಾನು ಸೆರಗಿನಿಂದ ಒರೆಸಲು ಹೋದರೆ ಹಲಗೆಯವರು, ‘ಮುಟ್ಟಬ್ಯಾಡ, ಮನಿ ಮುಗೀಲಿ’ ಅಂದರು. ಅವನು ಕಣ್ಣು ಮುಚ್ಚಿಕೊಂಡೇ ನಡೆದ. ‘ಧೋಂಡಿ, ಇತ್ತ ಬಾ. ಧೋಂಡಿ, ಕಲ್ಲ ಅದ, ನೋಡ್ಕೊಂಡ್ ಬಾ.’ ದನಿ ಕೇಳಿದ ಕಡೆ ಅವನು ತಿರುಗುತ್ತಿದ್ದ. ಅವತ್ತು ಅವನನ್ನು ಯಾರೂ ಬೇರೆ ಹೆಸರಿನಿಂದ ಕರೆಯಲಿಲ್ಲ. ಕರೆಯಬಾರದಂತೆ. ಅದೂ ಪದ್ಧತಿ.

ಮಳೆ ಬರಲಿಲ್ಲ. ಬಾವಿಯ ನೀರು ಸಿಕ್ಕಿತು. ಜೋಳಿಗೆಯಲ್ಲಿ ಬಂದ ಜೋಳವನ್ನು ಅವ್ವ ಮಣ್ಣಿನ ಹರವಿಯಲ್ಲಿ ಹಾಕಿ, ಮೇಲೆ ಬೇವಿನ ಎಲೆ ಹರಡಿದಳು.

ಪಂಢರಿ ಬೇಜಾರು ಮಾಡಿಕೊಳ್ಳಲಿಲ್ಲ. ಸಾಲಿಯಲ್ಲಿ ಹುಡುಗರು ಹೊಸ ಹೆಸರಿನಿಂದ ಕರೆದರೆ ನಗುತ್ತಿದ್ದನಂತೆ. ನಾಲ್ಕು ದಿನದ ಮಾತು, ಮರೆತುಬಿಡುತ್ತಾರೆ ಎಂದು ನಾನು ನನಗೇ ಹೇಳಿಕೊಂಡೆ. ಭವನವಿದೆಯಲ್ಲ. ರವಿವಾರ ಬರುತ್ತದೆ. ಗೋಲಿನಲ್ಲಿ ಎದ್ದು ನಿಂತು ಅವನು ತನ್ನ ಪೂರ್ತಿ ಹೆಸರು ಹೇಳುತ್ತಾನೆ. ಎಲ್ಲರ ಮುಂದೆ, ಊರಿನ ಹುಡುಗರ ಮುಂದೆ. ಅಲ್ಲಿಗೆ ಸರಿಹೋಗುತ್ತದೆ. ರವಿವಾರಕ್ಕಾಗಿ ನಾನು ಕಾದೆ.

ರವಿವಾರ ಸರ್ ಒಬ್ಬರೇ ಬರಲಿಲ್ಲ. ಬೀದರಿನಿಂದ ಸಂಸ್ಥೆಯ ನಲಿನಿ ಮೇಡಂ ಕಾರಿನಲ್ಲಿ ಬಂದಿದ್ದರು. ಸರ್ ಮೋಟಾರ್ ಸೈಕಲ್ ನಿಲ್ಲಿಸುವ ಮೊದಲೇ ಕೂಗಿದರು:

‘ಎಲ್ಲಿ ನಮ್ಮ ಧೋಂಡಿ?’

ಯಾರೋ ಅವರ ಮೊಬೈಲಿಗೆ ಫೋಟೊ ಕಳಿಸಿದ್ದರು. ಬೇವಿನ ಸೊಪ್ಪಿನಲ್ಲಿ ನಿಂತ ಪಂಢರಿ, ತಲೆಯ ಮೇಲೆ ಮಣ್ಣಿನ ಕಪ್ಪೆ.

‘ಇಲ್ಲಿ ಅದೀನಿ ಸರ್’ ಎಂದು ಪಂಢರಿ ಓಡಿದ.

ಸರ್ ಅವನ ಹೆಗಲ ಮೇಲೆ ಕೈಯಿಟ್ಟು ಮೇಡಂ ಹತ್ತಿರ ಕರೆದುಕೊಂಡು ಹೋದರು. ‘ಮೇಡಂ, ಇವನೇ. ಜೀವಂತ ಕಪ್ಪಿ ಬ್ಯಾಡ ಅಂತ ತಾನೇ ಹಟ ಮಾಡಿದ. ನಾನು ಹೇಳಿಕೊಟ್ಟಿದ್ದಲ್ಲ. ಎಷ್ಟು ದೊಡ್ಡ ಮಾತು ನೋಡ್ರಿ.’

ಮೇಡಂ ಬಗ್ಗಿ ಅವನ ಕೆನ್ನೆ ಸವರಿದರು. ಅವರ ಕಣ್ಣಲ್ಲಿ ನಿಜವಾದ ಪ್ರೀತಿ ಇತ್ತು. ನಾನು ಉಪ್ಪಿಟ್ಟಿನ ಪಾತ್ರೆ ಒಲೆಯ ಮೇಲೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದೆ.

ಎಲ್ಲರೂ ಗೋಲಾಗಿ ಕೂತರು. ಒಬ್ಬೊಬ್ಬರೇ ಹೇಳುತ್ತ ಬಂದು ಪಂಢರಿಯ ಪಾಳಿ ಬಂತು. ಅವನು ಎದ್ದ. ಗದ್ದ ಎದೆಗೆ ತಾಗಿರಲಿಲ್ಲ, ತಲೆ ಮೇಲಿತ್ತು.

‘ನಾನು ಧೋಂಡಿ’ ಅಂದ. ಹುಡುಗರು ಚಪ್ಪಾಳೆ ಹೊಡೆದರು. ಅವನು ಚಪ್ಪಾಳೆ ನಿಲ್ಲುವವರೆಗೆ ಕಾದು ಮುಂದುವರಿಸಿದ. ‘ನನ್ನ ಕೈಗಿ ಅಲ್ಲರಿ, ಮೈಗಿ ಗೊತ್ತಾಗಿದ್ದು. ಎಲ್ಲಾರ ಮನಿ ನೀರು ಒಂದೇ ಥಂಡ ಇರಂಗಿಲ್ಲ.’

‘ವಾಹ್, ಧೋಂಡಿ, ವಾಹ್’ ಅಂದರು ಸರ್. ಪೂರ್ತಿ ಹೆಸರು ಹೇಳು ಎಂದು ಕೇಳಲಿಲ್ಲ. ಬೇರೆ ಮಕ್ಕಳಿಗೆ ಕೇಳುತ್ತಿದ್ದರು.

ಹುಡುಗರು ಉಪ್ಪಿಟ್ಟು ತಿನ್ನುವಾಗ ಸರ್ ಮೋಟಾರ್ ಸೈಕಲ್ಲಿಗೆ ಡಬ್ಬಿ ಕಟ್ಟುತ್ತಿದ್ದರು. ನಾನು ಹತ್ತಿರ ಹೋದೆ. ಇಷ್ಟು ದಿನದಲ್ಲಿ ಅವರ ಮುಂದೆ ನಾನಾಗಿ ಮಾತಾಡಿದ್ದು ಕೀಲಿಯ ಬಗ್ಗೆ, ಗ್ಯಾಸಿನ ಬಗ್ಗೆ ಮಾತ್ರ.

‘ಸರ್, ಅವನ ಹೆಸರು ಪಂಢರಿ ಅದರಿ.’

‘ಗೊತ್ತದಲ್ಲ ಶಾಲು.’ ಅವರು ಹಗ್ಗ ಬಿಗಿಯುತ್ತ ನಕ್ಕರು. ‘ಹುಡುಗ ಎಷ್ಟು ಖುಷಿಲೆ ಹೇಳ್ದ ನೋಡಿದೇನು? ಮೊದಲು ಬಾಯೇ ಬಿಡ್ತಿರಲಿಲ್ಲ.’

‘ನಮ್ಮ ಅಪ್ಪಗೂ ಹಂಗೇ ಕರೀತಾರಿ. ಇನ್ನೂ ಕರೀತಾರ.’

‘ಹೌದಾ? ನಿಮ್ಮ ಅಪ್ಪನೂ ಮಾಡ್ಯಾರ?’ ಅವರ ಮುಖ ಅರಳಿತು. ಹಗ್ಗ ಬಿಟ್ಟು ನನ್ನ ಕಡೆ ಪೂರ್ತಿ ತಿರುಗಿದರು. ‘ಅಂದ್ರ ಮನೆತನದಿಂದ ಬಂದದ. ಮೇಡಂಗ ಹೇಳ್ತೇನಿ. ಮುಂದಿನ ರವಿವಾರ ಬೀದರದಾಗ ಮಕ್ಕಳ ಕಾರ್ಯಕ್ರಮ ಅದ. ಧೋಂಡಿಗಿ ಸ್ಟೇಜ್ ಮ್ಯಾಲ ನಿಂದರಸ್ತೇವಿ. ಬೇವಿನ ಸೊಪ್ಪು, ಮಣ್ಣಿನ ಕಪ್ಪಿ, ಎಲ್ಲಾ ಹಂಗೇ. ಇಂಥವು ಉಳೀಬೇಕು ಶಾಲು. ನೀನೂ ಬಾ, ಗಾಡಿ ಕಳಸ್ತೇವಿ.’

ನನ್ನ ಹತ್ತಿರ ಇದ್ದ ಮಾತುಗಳು ಅಷ್ಟೇ. ಹೇಳಿ ಮುಗಿಸಿದ್ದೆ. ಅವರು ಕೆಟ್ಟವರಾಗಿದ್ದರೆ ಇನ್ನೊಂದು ಮಾತು ಸಿಗುತ್ತಿತ್ತೋ ಏನೋ. ‘ಹೂಂ ರಿ ಸರ್’ ಅಂದು ಒಳಗೆ ಬಂದು ಪಾತ್ರೆ ತಿಕ್ಕಿದೆ.

ಸಂಜೆ ಭವನಕ್ಕೆ ಬೀಗ ಹಾಕಿ ನಾನೂ ಪಂಢರಿಯೂ ಮನೆಗೆ ಹೊರಟೆವು. ಅವನು ಬೀದರಿನ ಬಗ್ಗೆಯೇ ಮಾತಾಡುತ್ತಿದ್ದ. ಕಾರಿನಲ್ಲಿ ಹೋಗುತ್ತಾರಂತೆ. ಕಿಲ್ಲಾ ತೋರಿಸುತ್ತಾರಂತೆ. ಮೇಡಂ ಹೊಸ ಚಡ್ಡಿ ಕೊಡಿಸುತ್ತಾರಂತೆ. ಬಾವಿಯ ತಿರುವಿನಲ್ಲಿ ಹಾವಗೆಪ್ಪ ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದ. ಮೇವಿನ ಒಂದು ಹೊರೆ ನೆಲಕ್ಕೆ ಬಿದ್ದಿತ್ತು.

‘ಏ ಸಣ್ಣ ಧೋಂಡ್ಯಾ, ಎತ್ತಿ ಕೊಡು ಬಾ.’

ಪಂಢರಿ ಬೀದರಿನ ಮಾತು ಅರ್ಧಕ್ಕೆ ಬಿಟ್ಟ. ತಲೆ ಎತ್ತಲಿಲ್ಲ. ಹಾವಗೆಪ್ಪನ ಕಾಲು ಎಲ್ಲಿದೆ ನೋಡಿ, ಆ ಕಡೆ ನಡೆದ. ಹೊರೆ ಎತ್ತಿ ಕೊಟ್ಟು, ತಿರುಗಿ ಬಂದು, ಬೀದರಿನ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದ. ತಾನು ಹೋಗಿ ಬಂದದ್ದೇ ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

‘ಅವ್ವ, ಪುಣೇಕ ಹೋಗಮು.’

ಅವಳ ಕೈ ನಿಂತಿತು. ‘ಈಗ್ಯಾಕ? ಬಾವಿ ಚಾಲೂ ಆಗ್ಯದ, ಜೋಳ ಅದ. ಬ್ಯಾಡ ಬ್ಯಾಡ ಅಂತ ಕುಣದಾಕಿ ನೀನೇ ಅಲ್ಲೇನು?’

‘ಮೇಸ್ತ್ರಿ ಮಂದಿ ಕೇಳಕತ್ಯಾನಂತಲ್ಲ. ನಾನೂ ದುಡಿತೇನಿ.’

‘ಭವನ?’

‘ಕೀಲಿ ಮಚ್ಛೇಂದ್ರ ಮಾಮಾಗ ಕೊಡ್ತೇನಿ.’

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಪಂಢರಿಯನ್ನು ನೋಡಿದಳು. ಅವನು ಹೊಸ್ತಿಲಲ್ಲಿ ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದ. ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಅದನ್ನು ತಿರುವಿ ಹಾಕಲಿಲ್ಲ.

ಮರುದಿನ ಫೋನಿನಲ್ಲಿ ಅಪ್ಪ, ‘ಬರ್ರಿ, ಜಾಗಾ ಅದ’ ಅಂದ. ಯಾಕೆ ಎಂದು ಅವನು ಕೇಳಲಿಲ್ಲ. ಧೋಂಡಿಯ ಸುದ್ದಿ ಅವನಿಗೆ ಯಾರು ಹೇಳಿದ್ದರೋ, ‘ಪಂಢರಿಗಿ ಫೋನ್ ಕೊಡು’ ಅಂದವನು ಬಹಳ ಹೊತ್ತು ಅವನ ಹೆಸರನ್ನೇ ಹಿಡಿದು ಮಾತಾಡಿಸಿದ. ಪಂಢರಿ ಉಂಡೇನು, ಪಂಢರಿ ಸಾಲಿಗಿ ಹೋದೇನು, ಪಂಢರಿ ಅವ್ವಗ ಕಾಡಬ್ಯಾಡ.

ತೊಟ್ಟಿಯ ಕಪ್ಪೆಗಳಿಗೆ ದಿನಾ ಒಂದು ತಂಬಿಗೆ ನೀರು ಹಾಕಲು ಕಾಂತಾಬಾಯಿಗೆ ಹೇಳಿದೆ. ಚೇಷ್ಟೆ ಮಾಡುತ್ತಾಳೆಂದು ಅಳುಕುತ್ತಲೇ ಹೇಳಿದೆ. ‘ಹಾಕ್ತೇನಿ, ನೀ ಹೋಗು’ ಅಂದಳಷ್ಟೇ. ಒಳಗೆ ಹೋಗಿ ಒಂದು ಹಿಡಿ ಶೇಂಗಾ ತಂದು ಪಂಢರಿಯ ಕಿಸೆಗೆ ಹಾಕಿದಳು.

ಪಂಢರಿ ಅಳುತ್ತಲೇ ಇದ್ದ. ಬೀದರಿನ ಕಾರ್ಯಕ್ರಮ ತಪ್ಪುತ್ತದೆ, ಕಾರು ತಪ್ಪುತ್ತದೆ, ಕಿಲ್ಲಾ ತಪ್ಪುತ್ತದೆ. ನಾನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಔರಾದಿಗೆ ಹೋಗುವ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಅವನು ಮೂಗು ಒರೆಸಿಕೊಂಡು ನನ್ನೆದುರು ಬಂದು ಕೂತ.

‘ಅಕ್ಕಾ, ಅಲ್ಲಿ ಸಾಲಿ ಇರ್ತದೇನು?’

ಉಸುಕಿನ ಗುಡ್ಡೆ, ಅದರ ಮೇಲೆ ಹರಿದ ಸಿಮೆಂಟ್ ಚೀಲ ಹಾಸಿ ಮಲಗಿಸುತ್ತಿದ್ದ ಕೂಸು, ರಸ್ತೆಯ ಆಚೆ ಯೂನಿಫಾರ್ಮ್ ಹಾಕಿಕೊಂಡು ಹೋಗುತ್ತಿದ್ದ ಬೇರೆಯವರ ಮಕ್ಕಳು. ಆ ಕೂಸು ಇವನೇ. ಇವನಿಗೆ ಅದೇನೂ ನೆನಪಿಲ್ಲ.

‘ಇರ್ತದ’ ಅಂದೆ.

‘ನನಗ ಸೇರಸ್ಕೋತಾರ?’

‘ಚೀಲದ ಬಾಯಿ ಹಿಡಿ ಪಂಢರಿ’ ಅಂದೆ. ಅವನು ಹಿಡಿದ. ನಾನು ಹಗ್ಗ ಸುತ್ತಿ ಬಿಗಿಯಾಗಿ ಗಂಟು ಹಾಕಿದೆ.